ಮೂಕಿ ಸಿನಿಮಾಕ್ಕ ಪೇಟಿ ಬೇಕು

ಬಾಜೂ ಮನಿ ವೈನಿ ಮೊನ್ನೆ ಕೇಳಿದ್ರು, “ಅಲ್ರೀ, ಮಾತಿಲ್ಲದ ಕರಿ-ಬಿಳಿ ಸಿನಿಮಾ. ಅದನ್ನ ನೋಡ್ಲಿಕ್ಕೆ ಮಂದಿ ಕೂಡಸ್ಬೇಕು, ಮ್ಯಾಲೆ ಪೇಟಿ ಬ್ಯಾರೆ ಬಾರಿಸ್ಬೇಕು ಅಂತೀರಿ. ಮೊಬೈಲ್‌ನ್ಯಾಗ ಫುಕ್ಕಟ ಬರ್ತದಲ್ಲ?” ಬರ್ತದ್ರೀ. ಎರಡು ನಿಮಿಷದ ತುಣುಕು, ಓಡೋ ಸ್ಪೀಡು, ಹಿಂದ ಯಾವದೋ ಡಬ್ಬಾ ಮ್ಯೂಸಿಕ್ಕು. ಅಷ್ಟು ನೋಡಿ ಚಾಪ್ಲಿನ್ ಗೊತ್ತು ಅನ್ನೋದು, ಒಗ್ಗರಣಿ ವಾಸನಿ ತಗೊಂಡು ಊಟ ಆತು ಅಂದಂಗ.

ನನ್ನ ಮಾತು ಇಷ್ಟ. ಆ ಕಾಲದ ನಗಿ ಸಿನಿಮಾ ಪೂರಾ ನೋಡಬೇಕು, ಹತ್ತು ಮಂದಿ ಕೂಡಿ ನೋಡಬೇಕು, ಬಾರಿಸೋರು ಅದೇ ಖೋಲಿಯೊಳಗ ಕೂತಿರಬೇಕು.

ಮಗಳ ಬಾಣಂತನಕ್ಕ ಅಮೇರಿಕಾಕ್ಕ ಹೋದಾಗ, ಅಲ್ಲೆ ಒಂದು ಹಳೇ ಥೇಟರಿನ್ಯಾಗ 1923ರ ‘ಸೇಫ್ಟಿ ಲಾಸ್ಟ್’ ನೋಡಿದೆ. ಹೆರಾಲ್ಡ್ ಲಾಯ್ಡ್ ಅಂತ, ದುಂಡನ ಕನ್ನಡಕದಾಂವ. ಕತಿ ನಮ್ಮ ನಿಮ್ಮ ಮನೀದ ಅದ. ಹುಡುಗ ಹಳ್ಳಿ ಬಿಟ್ಟು ಪಟ್ಟಣಕ್ಕ ಹೋಗ್ತಾನ, ದೊಡ್ಡ ಅಂಗಡಿಯೊಳಗ ಅರಿವಿ ಹರದು ಕೊಡೋ ಕೆಲಸ. ಊರಾಗಿನ ಹುಡುಗಿಗೆ ಮಾತ್ರ ತಾ ಭಾರಿ ಸಾಹೇಬ ಆಗೇನಿ ಅಂತ ಪತ್ರ! ಆಕಿಗೆ ಸರ ಕೊಳ್ಳಲಿಕ್ಕೆ ಪಗಾರದ ನಾಣ್ಯ ಒಂದೊಂದ ಎಣಿಸಿ ಕೊಟ್ಟಂಗ, ಅವನ ಕಣ್ಣ ಮುಂದಿನ ಊಟದ ಪದಾರ್ಥ ಒಂದೊಂದ ಮಾಯ ಆಗ್ತಾವ. ಎಲ್ಲಾರೂ ನಗಲಿಕ್ಹತ್ತಿದ್ರು. ನನಗ ನಕ್ಕೋತನ ಗಂಟಲು ಬಿಗಿದು ಬಂತು. ಊರು ಬಿಟ್ಟು ದುಡೀಲಿಕ್ಕೆ ಹೋದ ಹುಡುಗೂರು ಫೋನಿನ್ಯಾಗ ‘ಊಟ ಆತವಾ’ ಅಂತಾರಲ್ಲ, ಅದು ನೆನಪಾತು. ಸೇಲಿನ ದಿನ ಹೆಣ್ಮಕ್ಕಳು ಅವನ ಮ್ಯಾಲೆ ಮುಗಿಬೀಳೋದು ನೋಡ್ರಿ, ನಮ್ಮ ಶ್ರಾವಣದ ಸೀರಿ ಸೇಲು ಏನೂ ಅಲ್ಲ.

ಕಡೀಕ ಅಂಗಡಿ ಪ್ರಚಾರಕ್ಕಂತ ಗೆಳ್ಯಾ ಏರಬೇಕಾಗಿದ್ದ ಕಟ್ಟಡ ಇವನ ಏರಬೇಕಾಗ್ತದ. “ಇನ್ನೊಂದು ಮಾಳಗಿ ಏರು, ಅಷ್ಟ್ರಾಗ ನಾ ಬಂದೆ” ಅಂತ ಗೆಳ್ಯಾ, ಅವನ ಬೆನ್ನ ಹಿಂದ ಪೊಲೀಸ. ಪಾರಿವಾಳ, ಬಲಿ, ಪ್ಯಾಂಟಿನ್ಯಾಗ ಇಲಿ, ಮತ್ತ ಆ ದೊಡ್ಡ ಗಡಿಯಾರದ ಮುಳ್ಳು. ಇಷ್ಟು ಮಾಡಿದಾಂವಗ ಬಲಗೈಯಾಗ ಹೆಬ್ಬೆರಳು, ತೋರಬೆರಳು ಎರಡೂ ಇದ್ದಿಲ್ಲ. 1919ರಾಗ ಫೋಟೋ ತಗಸೋವಾಗ ನಕಲಿ ಅಂತ ಕೈಯಾಗ ಹಿಡಿದ ಬಾಂಬು ಖರೇನ ಸಿಡದು ಹೋಗಿದ್ವು. ಕೈಗವಸು ಹಾಕ್ಕೊಂಡು ಏರ್ಯಾನ.

ಆವತ್ತು ಆರ್ಗನ್ ಬಾರಿಸಿದಾಕಿ ನಡುವಯಸ್ಸಿನ ಹೆಣ್ಮಗಳು. ಸೇಲಿನ ಗದ್ದಲಕ್ಕ ಬೆರಳು ಓಡಿಸಿದ್ಲು, ಮುಳ್ಳಿಗೆ ಜೋತುಬಿದ್ದಾಗ ಗಪ್ಪನೆ ಕೈ ಎತ್ತಿಬಿಟ್ಲು. ಇಡೀ ಥೇಟರಿನ್ಯಾಗ ಒಂದು ಉಸಿರಿಲ್ಲ. ನಗಿ ಜೋರಾದ್ರ ತಾ ಸಣ್ಣಗ ಬಾರಿಸ್ತಿದ್ಲು, ನಮ್ಮ ನಗಿ ಮುಗಿಯೋ ತನಕ ಕಾಯ್ತಿದ್ಲು. ರೆಕಾರ್ಡು ಕಾಯ್ತದೇನ್ರೀ? ಬಿದ್ದಾಗೊಮ್ಮೆ ‘ಢಂ’, ಜಾರಿದಾಗೊಮ್ಮೆ ‘ಸುಂಯ್’ ಅಂತ ಬಾರಿಸೋರು ನನಗ ಸೇರೂದಿಲ್ಲ. ಬಿದ್ದದ್ದು ನಮಗ ಕಾಣಸ್ತದ, ಹೇಳಬೇಕಾಗಿಲ್ಲ.

ಇದು ಒಂದು ಕಾಲಕ್ಕ ಅಲ್ಲಿ ಎಷ್ಟೋ ಹೆಣ್ಮಕ್ಕಳ ಹೊಟ್ಟಿಪಾಡಿನ ಕೆಲಸ. 1927ರಾಗ ‘ದಿ ಜಾಝ್ ಸಿಂಗರ್’ ಬಂತು, ಸಿನಿಮಾ ಮಾತಾಡ್ಲಿಕ್ಕೆ ಸುರು ಮಾಡ್ತು, ಬಾರಿಸೋರು ಮನಿಗೆ ಹೋದ್ರು. ರೋಸಾ ರಿಯೋ ಅನ್ನಾಕಿ ಮಾತ್ರ ರೇಡಿಯೋ ಧಾರಾವಾಹಿಗೆ ಆರ್ಗನ್ ಬಾರಿಸಿ ಬದುಕಿದ್ರು. ಮುಪ್ಪಿನ್ಯಾಗ ಮತ್ತ ಮೂಕಿ ಸಿನಿಮಾಕ್ಕ ತಿರುಗಿ ಬಂದು, ನೂರು ದಾಟಿದ ಮ್ಯಾಲೂ ಫ್ಲೋರಿಡಾದ ಟಾಂಪಾ ಥೇಟರಿನ್ಯಾಗ ಬಾರಿಸಿದ್ರು. 2010ರಾಗ ತೀರಿಕೊಂಡಾಗ ಅವರಿಗೆ 107 ವರ್ಷ. ನಾವು ಅರವತ್ತಕ್ಕ ‘ಇನ್ನೇನು ಸಾಕು’ ಅಂತೀವಿ!

ಇಲ್ಲಿಗೆ ಬಂದ ಮ್ಯಾಲೆ ಮನ್ಯಾಗೂ ಹಾಕಿದೆ. ಟಿವಿ ಆವಾಜು ಪೂರ್ತಿ ಬಂದ್, ನಮ್ಮ ಮೌಶಿ ಮಗಾ ಪೇಟಿ. ನಮ್ಮ ಅತ್ತಿಯವರಿಗೆ ನಾಲ್ಕು ವರ್ಷದಿಂದ ಕಿವಿ ಕೇಳೂದಿಲ್ಲ. ಮಶೀನು ಹಾಕಿದ್ರ ಬರೇ ಗುಂಯ್ ಅಂತದ ಅಂತ ತಗದಿಟ್ಟಾರ. ನಾವು ಟಿವಿ ಮುಂದ ನಗೋವಾಗ ಅವರು ಅಡಗಿಮನ್ಯಾಗ ಬೆಳ್ಳುಳ್ಳಿ ಸುಲಕೋತ ಕೂಡ್ತಿದ್ರು. “ಏನಂದ್ರು?” ಅಂತ ಕೇಳಿ ಕೇಳಿ ಬ್ಯಾಸತ್ತು ಕೇಳೋದ ಬಿಟ್ಟಿದ್ರು. ಆವತ್ತು ಮುಂದ ಕೂತ್ರು. ನಡುವ ಬರೋ ಇಂಗ್ಲಿಷ್ ಬರಹ ನನ್ನ ನಾದಿನಿ ಮಗಳು ಪಾಟಿ ಮ್ಯಾಲೆ ಕನ್ನಡದಾಗ ಬರದು ತೋರಿಸಿದ್ಲು. ಪೇಟಿ ಅವರಿಗೆ ಕೇಳಲಿಲ್ಲ, ಖರೇ. ಆದ್ರ ಮುಳ್ಳಿಗೆ ಜೋತುಬಿದ್ದಾಗ ಅವನ ಕೈ ನಿಂತದ್ದು ಕಂಡ್ರು, ನಾವೆಲ್ಲಾ ಉಸಿರು ಹಿಡಿದದ್ದು ಕಂಡ್ರು, ತಾವೂ ಸೆರಗು ಬಾಯಿಗೆ ಒತ್ತಿ ಹಿಡಿದ್ರು. ಆ ದಿನ ನಮ್ಮ ಮನಿ ಮಂದಿಯೆಲ್ಲಾ ಒಂದ ಸಲಕ್ಕ ನಕ್ಕಿದ್ವಿ. ಬಾರಿಸೋರು ಎದುರಿಗೆ ಕೂತಿರಬೇಕು ಅನ್ನೋದು ಇದಕ್ಕ, ವೈನಿ.

ಮುಂದಿನ ತಿಂಗಳು ಎರಡನೇ ರವಿವಾರ ಬಸ್ಟರ್ ಕೀಟನ್‌ನ 1926ರ ‘ದಿ ಜನರಲ್’ ಹಾಕಾವ್ರದೀವಿ. ಪೂರಾ ರೈಲಿನ ಕತಿ, ಬರೇ ಪೇಟಿಗೆ ಆಗೂದಿಲ್ಲ. ಯಾರ ಮನ್ಯಾಗ ತಬಲಾ ಬಾರಿಸೋ ಹುಡುಗೂರು ಅದಾರ, ಹೇಳಿ ಕಳಸ್ರಿ. ಚುರುಮುರಿ ನಮ್ಮದು. ಕಿವಿ ಕೇಳದ ಹಿರ್ಯಾರಿದ್ರ ಅವರನ್ನ ಮದ್ಲ ಕರ್ಕೊಂಡು ಬರ್ರಿ, ಮುಂದಿನ ಖುರ್ಚಿ ಅವರಿಗೆ ಇಟ್ಟಿರ್ತೀನಿ.