ಹಳ್ಳದ ದಾರಿ ಮೊದಲು, ಟ್ರ್ಯಾಕ್ಟರಿನ ದಾರಿ ಅನಂತರ

ಮಳೆಗಾಲ ಬಂದರೆ ಹಳ್ಳದಾಚೆಯ ಹೊಲ ಪರಸ್ಥಳವಾಗಿಬಿಡುವುದು ಸೇಡಂ, ಚಿಂಚೋಳಿ ಸೀಮೆಯ ರೈತರಿಗೆ ಹೊಸ ಅನುಭವವಲ್ಲ. ಎತ್ತಿನ ಬಂಡಿಯ ಕಾಲದಲ್ಲಿ ಹಳ್ಳದ ದಂಡೆಯನ್ನು ಇಳಿಜಾರಾಗಿ ಕಡಿದು, ಕಲ್ಲು ಹಾಸಿ, ದಾಟುವ ಜಾಗ ಮಾಡಿಕೊಳ್ಳುತ್ತಿದ್ದರು. ನೀರಿನ ಸೆಳವು ಹೆಚ್ಚಿದ್ದರೆ ಎತ್ತುಗಳೇ ಕಾಲಿಡಲು ಹಿಂಜರಿಯುತ್ತಿದ್ದವು. ಇಂದು ಎತ್ತಿನ ಸ್ಥಾನಕ್ಕೆ ಸಣ್ಣ ಟ್ರ್ಯಾಕ್ಟರು ಬಂದಿದೆ. ತೋಟದಲ್ಲಿ ಉಳಲು, ತೊಗರಿಯ ಸಾಲಿನಲ್ಲಿ ಎಡೆ ಹೊಡೆಯಲು ಅದು ಅನುಕೂಲವೇ. ಆದರೆ ಅದಕ್ಕೆ ಎತ್ತಿನ ಎಚ್ಚರವಿಲ್ಲ. ಎರೆಮಣ್ಣಿನ ಕೆಸರಿನಲ್ಲಿ ಗಾಲಿ ಹೂತರೆ ಮೇಲೇಳುವುದೂ ಕಷ್ಟ. ಆದ್ದರಿಂದ ಹಳ್ಳಕ್ಕೆ ಒಂದು ಕಿರುಸೇತುವೆಯನ್ನು ತಾನೇ ಕಟ್ಟಿಕೊಳ್ಳಲು ರೈತ ಮುಂದಾಗುತ್ತಾನೆ.

ಈ ಪ್ರಯತ್ನ ತಪ್ಪಲ್ಲ. ತಪ್ಪುವುದು ಅಳತೆ. ಟ್ರ್ಯಾಕ್ಟರಿನ ಅಗಲವನ್ನು ಅಳೆಯುವವರು ಹಳ್ಳದ ನೀರನ್ನು ಅಳೆಯುವುದಿಲ್ಲ. ಎರಡು ಸಿಮೆಂಟ್ ಪೈಪುಗಳನ್ನು ಹಳ್ಳದಲ್ಲಿಟ್ಟು, ಮೇಲೆ ಮೊರಂ ಸುರಿದರೆ ಒಂದೇ ದಿನದಲ್ಲಿ ದಾರಿ ಸಿದ್ಧವಾಗುತ್ತದೆ. ಬೇಸಗೆಯಲ್ಲಿ ಅದು ಸೇತುವೆ. ಮಳೆಗಾಲದಲ್ಲಿ ಅದೇ ಒಡ್ಡು.

ಕೋಡ್ಲಾದಂಥ ಊರಿನ ಒಂದು ಸಣ್ಣ ಹಳ್ಳದ ಲೆಕ್ಕವನ್ನು ನೋಡಬಹುದು. ಆ ಹಳ್ಳಕ್ಕೆ ನೀರು ಕೊಡುವ ಭೂಮಿ 100 ಹೆಕ್ಟೇರ್, ಅಂದರೆ ಸುಮಾರು 250 ಎಕರೆ ಎಂದಿರಲಿ. ಗಂಟೆಗೆ 50 ಮಿ.ಮೀ. ರಭಸದಲ್ಲಿ ಮಳೆ ಸುರಿದು, ಅದರಲ್ಲಿ ಅರ್ಧದಷ್ಟು ಇಂಗದೆ ಹರಿದರೆ, ಹಳ್ಳದಲ್ಲಿ ಸೆಕೆಂಡಿಗೆ ಸುಮಾರು 7,000 ಲೀಟರ್ ನೀರು ಬರುತ್ತದೆ. 60 ಸೆಂ.ಮೀ. ವ್ಯಾಸದ ಒಂದು ಪೈಪಿನಲ್ಲಿ ನೀರು ಸೆಕೆಂಡಿಗೆ 2 ಮೀಟರ್ ವೇಗದಲ್ಲಿ ಹರಿದರೂ ಹೊರಹೋಗುವುದು 600 ಲೀಟರಿಗಿಂತ ಕಡಿಮೆ. ಎರಡು ಪೈಪುಗಳಿಂದ 1,200 ಲೀಟರ್ ದಾಟಿತೆಂದರೂ ಉಳಿದ 5,800 ಲೀಟರ್ ಎಲ್ಲಿಗೆ ಹೋಗಬೇಕು? ತೊಗರಿ ಕಟ್ಟಿಗೆ, ಜೋಳದ ದಂಟು ಬಂದು ಪೈಪಿನ ಬಾಯಿಗೆ ಸಿಕ್ಕಿಕೊಂಡರೆ ಆ 1,200 ಲೀಟರಿಗೂ ದಾರಿಯಿಲ್ಲ.

ತಡೆದ ನೀರು ಸುಮ್ಮನೆ ನಿಲ್ಲುವುದಿಲ್ಲ. ಮೊರಂ ಮೇಲೆ ಉಕ್ಕಿ ಹರಿಯುತ್ತದೆ, ಇಲ್ಲವೇ ದಂಡೆಯನ್ನು ಕೊರೆದು ಪಕ್ಕದ ಹೊಲಕ್ಕೆ ನುಗ್ಗುತ್ತದೆ. ಒಂದು ರಾತ್ರಿಯಲ್ಲಿ ಕೊಚ್ಚಿಹೋಗುವ ಮೇಲ್ಮಣ್ಣು ಮತ್ತೆ ಹುಟ್ಟಲು ಹಲವು ತಲೆಮಾರುಗಳು ಬೇಕು. ಚಿಂಚೋಳಿಯ ಗುಡ್ಡಗಳಲ್ಲಿ ಬಿದ್ದ ಮಳೆ ಹಳ್ಳಗಳಿಂದ ಮುಲ್ಲಾಮಾರಿಗೆ, ಅಲ್ಲಿಂದ ಕಾಗಿಣಾಕ್ಕೆ, ಕೊನೆಗೆ ಭೀಮೆಗೆ ಸೇರುತ್ತದೆ. ಈ ನದಿಗಳು ಉಕ್ಕಿದರೆ ಏನಾಗುತ್ತದೆಂಬುದನ್ನು 2020ರ ಅಕ್ಟೋಬರಿನಲ್ಲಿ ಮಳಖೇಡದ ಜನ ಕಂಡಿದ್ದಾರೆ. ಒಬ್ಬ ರೈತನ ಎರಡು ಪೈಪುಗಳು ನದಿಯ ಮಹಾಪೂರಕ್ಕೆ ಕಾರಣವಲ್ಲ. ಆದರೆ ಪ್ರತಿ ಹಳ್ಳದಲ್ಲಿಯೂ ಇಂಥ ಹತ್ತು ಒಡ್ಡುಗಳಿದ್ದು, ಅವು ಒಂದರ ಹಿಂದೊಂದು ಒಡೆದರೆ, ಕೆಳಗಿನ ಹೊಲಗಳವರು ಅದರ ಫಲವನ್ನು ಉಣ್ಣಬೇಕಾಗುತ್ತದೆ.

ಹಾಗಾದರೆ ಮಾಡಬೇಕಾದುದೇನು? ಹಳ್ಳದ ತಳದಲ್ಲಿ ಗಟ್ಟಿ ಕಲ್ಲು ಸಿಗುವಲ್ಲಿ, ದಂಡೆ ತಗ್ಗಿರುವಲ್ಲಿ, ಹಿರಿಯರ ಕಲ್ಲುಹಾಸೇ ಉತ್ತಮ. ತಳದ ಮಟ್ಟಕ್ಕೆ ಕಲ್ಲು ಕೂಡಿಸಿ ಸಿಮೆಂಟಿನಲ್ಲಿ ಬಿಗಿದರೆ ಪ್ರವಾಹ ಅದರ ಮೇಲೆಯೇ ಹರಿದುಹೋಗುತ್ತದೆ. ಕೆಲವು ಗಂಟೆ ಕಾಯುವ ತಾಳ್ಮೆ ಮಾತ್ರ ಬೇಕು. ನೀರಿನ ಆಳ ತಿಳಿಯಲು ಎರಡೂ ಬದಿಗೆ ಬಣ್ಣ ಬಳಿದ ಗೂಟಗಳನ್ನು ನೆಟ್ಟರೆ ಜೀವ ಉಳಿಯುತ್ತದೆ.

ದಂಡೆ ಎತ್ತರವಿದ್ದು ಹಳ್ಳ ಕಿರಿದಾಗಿದ್ದರೆ, ನಡುವೆ ಕಂಬವಿಲ್ಲದೆ ದಂಡೆಯಿಂದ ದಂಡೆಗೆ ಉಕ್ಕಿನ ತೊಲೆ ಹಾಕುವುದು ಸರಿ. ಆದರೆ ಎರೆಮಣ್ಣು ನೀರು ಕುಡಿದು ಉಬ್ಬುತ್ತದೆ, ಒಣಗಿ ಬಿರುಕು ಬಿಡುತ್ತದೆ. ಅದರ ಮೇಲೆ ನಿಲ್ಲಿಸಿದ ಗೋಡೆ ಎರಡು ವರ್ಷದಲ್ಲಿ ವಾಲಬಹುದು. ಬುನಾದಿಯನ್ನು ಗಟ್ಟಿ ಮೊರಂ ಅಥವಾ ಕಲ್ಲಿನವರೆಗೆ ಇಳಿಸಲೇಬೇಕು. ಇನ್ನೊಂದು ಮೋಸ ಪರಸಿ ಕಲ್ಲಿನದು. ಶಹಾಬಾದಿನ ಪರಸಿ ನೆಲಕ್ಕೆ ಹಾಸಲು ಶ್ರೇಷ್ಠ. ಕೆಳಗೆ ಆಧಾರವಿಲ್ಲದೆ ಭಾರ ಹೊತ್ತರೆ, ಬಾಗುವ ಗುಣವಿಲ್ಲದ ಆ ಕಲ್ಲು ಸೂಚನೆ ಕೊಡದೆ ಮುರಿಯುತ್ತದೆ. ಸಣ್ಣ ಟ್ರ್ಯಾಕ್ಟರಿನ ತೂಕ 700–800 ಕಿಲೋ ಇರಬಹುದು. ಟ್ರೇಲರಿನಲ್ಲಿ ರಾಶಿ ತುಂಬಿದರೆ ಒಟ್ಟು ಭಾರ ಎರಡು ಟನ್ನು ಮೀರುತ್ತದೆ. ತೊಲೆಗಳು ಗಾಲಿಗಳ ಕೆಳಗೇ ಬರಬೇಕು. ಅಂಚಿನಲ್ಲಿ ಗಾಲಿ ಜಾರದಂತೆ ತಡೆಯಿರಬೇಕು. ತೊಲೆಯ ಗಾತ್ರವನ್ನು ಕಣ್ಣಂದಾಜಿನಿಂದ ನಿರ್ಧರಿಸದೆ, ಬಲ್ಲ ಇಂಜಿನಿಯರನಿಂದ ಲೆಕ್ಕ ಹಾಕಿಸುವುದು ವಿವೇಕ.

ಇಂಥ ತಿಳಿವಳಿಕೆ ಹಳ್ಳಿಗೆ ಎಟುಕದೆಂಬ ಮಾತನ್ನು ಸುಳ್ಯದ ಗಿರೀಶ್ ಭಾರದ್ವಾಜರ ಕೆಲಸ ಸುಳ್ಳಾಗಿಸಿದೆ. 1989ರಲ್ಲಿ ಅರಂಬೂರಿನ ಬಳಿ ಪಯಸ್ವಿನಿ ನದಿಗೆ ತೂಗುಸೇತುವೆ ಕಟ್ಟಿದ ಈ ಮೆಕ್ಯಾನಿಕಲ್ ಇಂಜಿನಿಯರ್ ಮುಂದೆ ನೂರಕ್ಕೂ ಹೆಚ್ಚು ಕುಗ್ರಾಮಗಳಿಗೆ ಸೇತುವೆ ಒದಗಿಸಿದರು. 2017ರಲ್ಲಿ ಪದ್ಮಶ್ರೀ ಪಡೆದರು. ಅವು ಕಾಲ್ನಡಿಗೆಯ ಸೇತುವೆಗಳು. ಟ್ರ್ಯಾಕ್ಟರಿಗೆ ಆ ಮಾದರಿ ಹೊಂದದು. ಆದರೆ ಊರಿನ ಅಗತ್ಯಕ್ಕೆ ಇಂಜಿನಿಯರನ ಲೆಕ್ಕ ಕೂಡಿದರೆ ಕಡಿಮೆ ಖರ್ಚಿನಲ್ಲಿ ಭದ್ರವಾದುದು ನಿಲ್ಲುತ್ತದೆ ಎಂಬ ಪಾಠ ಎಲ್ಲ ಸೀಮೆಗೂ ಒಂದೇ.

ಇಲ್ಲಿ ಹಕ್ಕಿನ ಪ್ರಶ್ನೆಯೂ ಇದೆ. ಊರಿನ ನಕಾಶೆಯಲ್ಲಿ ಗುರುತಾದ ಹಳ್ಳ ಯಾವ ರೈತನ ಸ್ವತ್ತೂ ಅಲ್ಲ. ಕಂದಾಯ ದಾಖಲೆಯಲ್ಲಿ ಅದು ಸಾರ್ವಜನಿಕ ಖರಾಬು ಭೂಮಿ. ಅದನ್ನು ಕಿರಿದಾಗಿಸುವ ಅಧಿಕಾರ ದಂಡೆಯವರಿಗಿಲ್ಲ. ಹತ್ತು ಹೊಲಗಳವರು ಹತ್ತು ಕಡೆ ಪೈಪು ಹೂಳುವ ಬದಲು, ಒಂದೇ ತಕ್ಕ ಜಾಗವನ್ನು ಆಯ್ದು, ಗ್ರಾಮ ಪಂಚಾಯಿತಿಯ ಒಪ್ಪಿಗೆ ಪಡೆದು ಒಂದೇ ಸೇತುವೆ ಕಟ್ಟುವುದು ನ್ಯಾಯವೂ ಹೌದು, ಅಗ್ಗವೂ ಹೌದು. ಪಂಚಾಯಿತಿಗಳೂ ಅರ್ಜಿ ಬಂದಾಗ ಮೌನ ವಹಿಸಬಾರದು. ಅದರ ಮೌನವೇ ರೈತನ ಕೈಗೆ ಪೈಪು ಕೊಡುತ್ತದೆ.

ವಿದ್ಯಾರ್ಥಿಗಳಿಗೂ ಇಲ್ಲಿ ಕೆಲಸವಿದೆ. ಕಳೆದ ಮಹಾಪೂರದಲ್ಲಿ ನೀರು ಎಲ್ಲಿಯವರೆಗೆ ಏರಿತ್ತೆಂದು ಹಿರಿಯರನ್ನು ಕೇಳಿ ದಂಡೆಯಲ್ಲಿ ಗುರುತು ಹಾಕಲಿ. ಹಳ್ಳದ ಅಗಲ, ಆಳ, ಇಳಿಜಾರನ್ನು ಅಳೆದು ಬರೆದಿಡಲಿ. ಇಂಜಿನಿಯರನು ಮೊದಲು ಕೇಳುವುದು ಆ ಹಾಳೆಯನ್ನೇ. ಆ ಹಾಳೆ ಸಿದ್ಧವಾದ ಮೇಲೆ ಟ್ರ್ಯಾಕ್ಟರಿನ ಅಗಲವನ್ನು ಅಳೆಯಲು ಬೇಕಾದಷ್ಟು ಸಮಯವಿದೆ.