ಮಗುವಿನ ವಸ್‌ವಾಸ್: ಭಕ್ತಿಯೂ ಅಲ್ಲ, ಪಾಪವೂ ಅಲ್ಲ

ಮಗ್ರಿಬ್ ಜಮಾಅತ್ ಮುಗಿದು ಜನರು ಹೊರಬರುತ್ತಿದ್ದರೂ ಆ ಬಾಲಕ ಇನ್ನೂ ವುಝೂವಿನ ನಳದ ಮುಂದೆಯೇ ಕುಳಿತಿದ್ದ. ಮೊಣಕೈಯಲ್ಲೆಲ್ಲೋ ಒಣ ಜಾಗ ಉಳಿದಿರಬಹುದೆಂದು ಮತ್ತೆ ಮೊದಲಿನಿಂದ ಆರಂಭಿಸುತ್ತಿದ್ದ. ಹನ್ನೆರಡು ವರ್ಷದ ಹುಡುಗನ ಈ ಎಚ್ಚರವನ್ನು ಕಂಡು ಅಧ್ಯಾಪಕರಾದ ನಾವು ಸಂತೋಷಪಟ್ಟೆವು. ತರಗತಿಯಲ್ಲಿ ಅವನನ್ನು ಮಾದರಿಯೆಂದು ತೋರಿಸಿದೆವು. ಕೆಲವು ತಿಂಗಳಲ್ಲಿ ಅವನ ಅಂಗೈಗಳು ಬಿರುಕುಬಿಟ್ಟವು. ಕೊನೆಗೆ ಅವನು ನಮಾಝನ್ನೇ ಬಿಟ್ಟ. ಆರಂಭಿಸಿದರೆ ಮುಗಿಯದೆಂಬ ಭಯ ಅವನದಾಗಿತ್ತು. ಆಗ ನಾವೇ ಅವನನ್ನು ಸೋಮಾರಿಯೆಂದು ಗದರಿದೆವು. ರೋಗವನ್ನು ಹೊಗಳಿದವರೂ ನಾವೇ, ರೋಗಿಯನ್ನು ದಂಡಿಸಿದವರೂ ನಾವೇ.

ಈ ಅಪರಾಧ ನಮ್ಮೊಬ್ಬರದೇ ಅಲ್ಲ ಎಂಬುದರಿಂದಲೇ ಇದನ್ನು ಬರೆಯುತ್ತಿದ್ದೇವೆ. ನಿಯ್ಯತ್ ಸರಿಯಾಗಲಿಲ್ಲವೆಂದು ತಕ್ಬೀರನ್ನು ಹತ್ತಾರು ಬಾರಿ ಹೇಳುವ ಮಕ್ಕಳು, ಬಟ್ಟೆಗೆ ನಜಸ್ ತಾಗಿರಬಹುದೆಂದು ದಿನಕ್ಕೆ ನಾಲ್ಕು ಬಾರಿ ಸ್ನಾನ ಮಾಡುವ ಮಕ್ಕಳು, ಅಲ್ಲಾಹನ ಬಗ್ಗೆ ಬೇಡದ ಯೋಚನೆ ಬಂತೆಂದು ತಾನು ಕಾಫಿರನಾದೆನೋ ಎಂದು ರಾತ್ರಿಯಿಡೀ ಅಳುವ ಮಕ್ಕಳು ನಮ್ಮ ಮನೆಗಳಲ್ಲಿದ್ದಾರೆ. ವೈದ್ಯರು ಇದನ್ನು ಓಸಿಡಿ ಅಥವಾ ಗೀಳು ರೋಗ ಎನ್ನುತ್ತಾರೆ. ಬೇಡವೆಂದರೂ ಒಂದು ಸಂಶಯ ನುಗ್ಗುತ್ತದೆ, ಸಂಕಟ ಏರುತ್ತದೆ, ತೊಳೆದರೆ ಅಥವಾ ಪುನಃ ಮಾಡಿದರೆ ಕ್ಷಣಕಾಲ ನೆಮ್ಮದಿ ಸಿಗುತ್ತದೆ. ಆ ನೆಮ್ಮದಿಯೇ ಮುಂದಿನ ಸಂಶಯಕ್ಕೆ ಬಲ ತುಂಬುತ್ತದೆ. ಮಗು ಬೇಕೆಂದು ಹೀಗೆ ಮಾಡುತ್ತಿಲ್ಲ. ಬೈದರೆ ನಿಲ್ಲಿಸಲು ಅದಕ್ಕೆ ಸಾಧ್ಯವೂ ಇಲ್ಲ.

ಇದನ್ನು ತಖ್ವಾ ಎಂದು ಭ್ರಮಿಸುವವರನ್ನು ಕೇಳುತ್ತೇವೆ: ಪ್ರವಾದಿವರ್ಯರಿಗಿಂತ(ಸ) ಹೆಚ್ಚಿನ ತಖ್ವಾ ಯಾರಿಗಿದೆ? ಅವರು ಒಂದು ಮುದ್ದ್ ನೀರಿನಲ್ಲಿ ವುಝೂ ಮುಗಿಸುತ್ತಿದ್ದರೆಂದು ಹದೀಸ್ ಗ್ರಂಥಗಳು ತಿಳಿಸುತ್ತವೆ. ಇಂದಿನ ಲೆಕ್ಕದಲ್ಲಿ ಅದು ಸುಮಾರು ಒಂದು ಲೀಟರ್ ಅಥವಾ ಅದಕ್ಕೂ ಕಡಿಮೆ. ಮನಸ್ಸಿನಲ್ಲಿ ಬಾಯಿಬಿಟ್ಟು ಹೇಳಲಾಗದ ಯೋಚನೆಗಳು ಬರುತ್ತವೆಂದು ಸಹಾಬಿಗಳು ದೂರಿದಾಗ ಅವರು ಗದರಲಿಲ್ಲ. ಆ ಅಳುಕನ್ನೇ ಈಮಾನಿನ ಕುರುಹೆಂದು ಸಮಾಧಾನಪಡಿಸಿದರು. ಖಚಿತವಾದದ್ದು ಸಂಶಯದಿಂದ ಅಳಿಯದು ಎಂಬುದು ಫಿಖ್‌ಹಿನ ಮೂಲ ನಿಯಮ. ಇಬ್ನು ಖುದಾಮರಂತಹ ವಿದ್ವಾಂಸರು ವಸ್‌ವಾಸನ್ನು ಖಂಡಿಸಿ ಪ್ರತ್ಯೇಕ ಕೃತಿಯನ್ನೇ ರಚಿಸಿದ್ದಾರೆ. ಹಾಗಿರುವಾಗ ಮಗುವಿನ ಹೆಗಲಿಗೆ ಈ ಭಾರವನ್ನು ಹೇರಿದವರು ಯಾರು? ಧರ್ಮವಲ್ಲ, ನಾವು.

ಇನ್ನು ಕೆಲವರು ಇದನ್ನು ಜಿನ್ನಿನ ಬಾಧೆಯೆಂದು ತಾವೀಜಿನಿಂದ ತಾವೀಜಿಗೆ ಅಲೆಯುತ್ತಾರೆ. ದುಆ ಮಾಡಬೇಡಿ ಎಂದು ನಾವು ಹೇಳುತ್ತಿಲ್ಲ. ಆದರೆ ಚಿಕಿತ್ಸೆ ಪಡೆಯಿರಿ ಎಂದು ಕಲಿಸಿದವರೂ ಅದೇ ಪ್ರವಾದಿಯಲ್ಲವೇ(ಸ)? 934ರಲ್ಲಿ ನಿಧನರಾದ ಅಬೂ ಝೈದ್ ಅಲ್ ಬಲ್ಖೀ, ದೇಹ ಮತ್ತು ಮನಸ್ಸಿನ ಆರೋಗ್ಯದ ಕುರಿತ ತಮ್ಮ ಗ್ರಂಥದಲ್ಲಿ ವಸ್‌ವಾಸನ್ನು ಮನಸ್ಸಿನ ರೋಗಗಳ ಸಾಲಿನಲ್ಲಿಟ್ಟು ಚರ್ಚಿಸಿದ್ದರು. ಸಾವಿರ ವರ್ಷಗಳ ಹಿಂದೆ ನಮ್ಮ ಹಿರಿಯರು ಕಂಡದ್ದನ್ನು ಇಂದು ನಾವು ಕಾಣಲಾರೆವೆಂದರೆ ಅದು ಧಾರ್ಮಿಕತೆಯಲ್ಲ, ಮರೆವು.

ಪ್ರೀತಿಯೂ ಇಲ್ಲಿ ದಾರಿ ತಪ್ಪುವುದುಂಟು. ಸ್ನಾನದ ಕೋಣೆಯ ಬಾಗಿಲಲ್ಲಿ ನಿಂತು 'ಶುದ್ಧವಾಯಿತು ಮಗಾ, ನಾನು ನೋಡಿದೆ' ಎಂದು ಉಮ್ಮ ಇಪ್ಪತ್ತು ಬಾರಿ ಹೇಳುತ್ತಾರೆ. ಪ್ರತಿ ಭರವಸೆಯೂ ರೋಗಕ್ಕೆ ಇನ್ನೊಂದು ತುತ್ತು. ಹಾಗೆಂದು ಒಂದೇ ದಿನದಲ್ಲಿ ಎಲ್ಲವನ್ನೂ ನಿಲ್ಲಿಸಿ ಮಗುವನ್ನು ಒಂಟಿಯಾಗಿ ಬಿಡಬಾರದು. ತೊಳೆಯದೆ ಸಂಕಟವನ್ನು ತಾಳುವುದನ್ನು ಹಂತಹಂತವಾಗಿ ಕಲಿಸುವ ಚಿಕಿತ್ಸೆಯಿದೆ. ಅದನ್ನು ಚಿಕಿತ್ಸಕರೊಂದಿಗೆ ಸೇರಿ ಮನೆಯವರೂ ಕಲಿಯಬೇಕು. ಅಗತ್ಯವಿದ್ದರೆ ವೈದ್ಯರು ಕೊಡುವ ಮಾತ್ರೆಗಳು ಚಟ ಹಿಡಿಸುವಂಥವಲ್ಲ; ಆದರೆ ಅವರನ್ನು ಕೇಳದೆ ನಿಲ್ಲಿಸಬಾರದು.

'ಮನೋವೈದ್ಯರ ಬಳಿ ಹೋದರೆ ಜನ ಏನೆನ್ನುವರು? ನಾಳೆ ಮದುವೆ ಹೇಗೆ?' ಎಂಬ ಪ್ರಶ್ನೆ ನಮಗೆ ಪರಿಚಿತ. ಮಗು ಅಲ್ಲಾಹನ ಅಮಾನತ್. ನಾಳೆ ಆ ಅಮಾನತಿನ ಬಗ್ಗೆ ವಿಚಾರಣೆಯಾಗುವಾಗ ಜನರ ಮಾತನ್ನು ಉತ್ತರವಾಗಿ ಕೊಡಲಾದೀತೇ? ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಈ ರೋಗಕ್ಕೆಂದೇ ಪ್ರತ್ಯೇಕ ಕ್ಲಿನಿಕ್ ಇದೆ. ಜಿಲ್ಲಾ ಆಸ್ಪತ್ರೆಯಲ್ಲಿ ಮನೋವೈದ್ಯರನ್ನು ಕಾಣಬಹುದು. ಸರಕಾರದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಉಚಿತವಾಗಿ ಕರೆ ಮಾಡಿ ಕನ್ನಡದಲ್ಲೇ ಮಾತನಾಡಬಹುದು.

ಮದ್ರಸದ ಸಹೋದ್ಯೋಗಿಗಳಲ್ಲಿ ನಮ್ಮದೊಂದು ವಿನಂತಿ. ವುಝೂ ಕೆಡಿಸುವ ಸಂಗತಿಗಳನ್ನು ಕಲಿಸುವ ದಿನವೇ ಸಂಶಯವನ್ನು ಕಡೆಗಣಿಸುವ ನಿಯಮವನ್ನೂ ಕಲಿಸಿ. ನಳದ ಮುಂದೆ ಬಹಳ ಹೊತ್ತು ಕುಳಿತ ಮಗು ಕಂಡರೆ ಹೊಗಳಬೇಡಿ, ಬೈಯಬೇಡಿ. ಅಂದೇ ಅದರ ಹೆತ್ತವರಿಗೆ ತಿಳಿಸಿ. ನಾವು ಮಾಡದೆ ಹೋದದ್ದು ಅದನ್ನೇ.

ಅಲ್ಲಾಹನು ನಮ್ಮ ಮಕ್ಕಳ ಮನಸ್ಸಿಗೆ ನೆಮ್ಮದಿಯನ್ನೂ ಅವರ ನೋವನ್ನು ಗುರುತಿಸುವ ಕಣ್ಣನ್ನು ನಮಗೂ ಕರುಣಿಸಲಿ. ಆಮೀನ್.