ರಕ್ತಪರೀಕ್ಷೆಯ ಅಂಕೆಗಳು

ಈಚೆಗೆ ನಮ್ಮ ಪಟ್ಟಣಗಳ ಅನೇಕ ಮನೆಗಳಲ್ಲಿ ಹೊಸದೊಂದು ಪದ್ಧತಿಯು ಬಂದಿರುವುದನ್ನು ವಾಚಕರು ಬಲ್ಲರು. ವರ್ಷಕ್ಕೊಂದಾವರ್ತಿ ಪರೀಕ್ಷಾಲಯದವನು ಬೆಳಗಿನ ಕಾಫಿಗೆ ಮೊದಲೇ ಮನೆಗೆ ಬಂದು, ಮನೆಮಂದಿಯೆಲ್ಲರ ತೋಳಿನಿಂದ ಒಂದಿಷ್ಟು ರಕ್ತವನ್ನು ತೆಗೆದುಕೊಂಡು ಹೋಗುತ್ತಾನೆ. ಸಂಜೆಯಾಗುವಷ್ಟರಲ್ಲಿ ಹತ್ತಾರು ಅಂಕೆಗಳುಳ್ಳ ವರದಿಯು ಮೊಬೈಲಿಗೆ ಬಂದು ಬೀಳುತ್ತದೆ. ಅವುಗಳಲ್ಲಿ ಎರಡು ಮೂರು ಕೆಂಪಕ್ಷರದಲ್ಲಿದ್ದರೆ ಸಾಕು, ಆ ರಾತ್ರಿ ಆ ಮನೆಯಲ್ಲಿ ಯಾರಿಗೂ ನಿದ್ರೆಯಿಲ್ಲ. ಎಲ್ಲವೂ ಕಪ್ಪಕ್ಷರದಲ್ಲಿದ್ದರೆ ಇನ್ನೊಂದು ವರ್ಷ ವೈದ್ಯರ ಹೊಸ್ತಿಲು ತುಳಿಯಬೇಕಾದುದಿಲ್ಲವೆಂದು ಯಜಮಾನರು ಧೈರ್ಯಗೊಳ್ಳುತ್ತಾರೆ. ಈ ಭಯವೂ ಈ ಧೈರ್ಯವೂ ಬಹುಮಟ್ಟಿಗೆ ಒಂದೇ ತಪ್ಪು ತಿಳಿವಳಿಕೆಯಿಂದ ಹುಟ್ಟುವಂಥವೆಂದು ನಮಗೆ ತೋರುವುದರಿಂದ, ಈ ತಿಂಗಳು ಆ ಅಂಕೆಗಳ ವಿಷಯವಾಗಿಯೇ ನಾಲ್ಕು ಮಾತು ಬರೆಯಲು ಹೊರಟಿದ್ದೇವೆ.

ಶರೀರದ ಸ್ಥಿತಿಯನ್ನು ಸೂಚಿಸುವ, ಅಳೆದು ನೋಡಬಹುದಾದ ಯಾವ ಕುರುಹನ್ನಾದರೂ ಈಗಿನ ವೈದ್ಯಶಾಸ್ತ್ರದಲ್ಲಿ ಬಯೋಮಾರ್ಕರ್ ಎನ್ನುತ್ತಾರೆ. ಹೆಸರು ಹೊಸದಾದರೂ ಸಂಗತಿ ಹೊಸದಲ್ಲ. ಪ್ರಮೇಹವು ಬರಲಿರುವವನ ಮೂತ್ರಕ್ಕೆ ಇರುವೆಗಳು ಮುತ್ತುವುವೆಂದು ಚರಕಸಂಹಿತೆಯು ಹೇಳಿದೆ. ೧೭೭೬ರಲ್ಲಿ ಲಿವರ್‌ಪೂಲಿನ ಮ್ಯಾಥ್ಯೂ ಡಾಬ್ಸನ್ ಎಂಬ ವೈದ್ಯನು ಅಂಥ ಮೂತ್ರವನ್ನು ಕಾಯಿಸಿ ಬತ್ತಿಸಿ, ತಳದಲ್ಲಿ ಉಳಿದುದು ಸಕ್ಕರೆಯೇ ಎಂಬುದನ್ನು ತೋರಿಸಿಕೊಟ್ಟನು. ನಾಡಿಯ ಬಡಿತ, ಜ್ವರದ ಕಾವು, ರಕ್ತದ ಒತ್ತಡ ಇವೆಲ್ಲವೂ ಇದೇ ಜಾತಿಗೆ ಸೇರಿದವು.

ಅಮೆರಿಕೆಯ ಔಷಧ ನಿಯಂತ್ರಣ ಇಲಾಖೆಯವರೂ ಅಲ್ಲಿನ ರಾಷ್ಟ್ರೀಯ ಆರೋಗ್ಯ ಸಂಸ್ಥೆಯವರೂ ೨೦೧೬ರಲ್ಲಿ ಕೂಡಿ ಇಂಥ ಕುರುಹುಗಳನ್ನು ಏಳು ಬಗೆಯಾಗಿ ವಿಂಗಡಿಸಿದರು. ಆ ಏಳನ್ನೂ ಇಲ್ಲಿ ಒಪ್ಪಿಸಿ ವಾಚಕರಿಗೆ ಬೇಸರವನ್ನುಂಟುಮಾಡುವುದು ನಮ್ಮ ಉದ್ದೇಶವಲ್ಲ. ಆ ವಿಂಗಡಣೆಯ ಹಿಂದಿರುವ ವಿಚಾರವೊಂದೇ ಮುಖ್ಯವಾದುದು. ರೋಗವು ಈಗ ಉಂಟೋ ಇಲ್ಲವೋ ಎಂಬುದೊಂದು ಪ್ರಶ್ನೆ. ಮುಂದೆ ಬರುವ ಸಂಭವವೆಷ್ಟು ಎಂಬುದು ಬೇರೊಂದು. ಬಂದ ರೋಗವು ಯಾವ ದಾರಿ ಹಿಡಿಯುವುದು, ಯಾವ ಔಷಧವು ಈ ರೋಗಿಗೆ ನಾಟುವುದು, ಕೊಟ್ಟ ಔಷಧವು ಕೆಲಸಮಾಡುತ್ತಿದೆಯೆ, ಇಲ್ಲವೆ ಯಕೃತ್ತನ್ನೋ ಮೂತ್ರಪಿಂಡವನ್ನೋ ಕೆಡಿಸುತ್ತಿದೆಯೆ ಎಂಬಿವು ಮತ್ತೆ ಬೇರೆ ಬೇರೆ. ಒಂದು ಪ್ರಶ್ನೆಗೆ ಸರಿಯಾದ ಉತ್ತರ ಕೊಡುವ ಕುರುಹು ಇನ್ನೊಂದಕ್ಕೆ ಸುಳ್ಳುಸಾಕ್ಷಿ ನುಡಿಯಬಹುದು. ವರದಿಯ ಕಾಗದದಲ್ಲಿ ಅಂಕೆಯಿರುತ್ತದೆ, ಪ್ರಶ್ನೆಯಿರುವುದಿಲ್ಲ.

ನಮ್ಮ ಮನೆಗಳಲ್ಲಿ ಎಲ್ಲಕ್ಕಿಂತ ಹೆಚ್ಚಾಗಿ ಕೇಳಿಬರುವ ಕುರುಹನ್ನೇ ತೆಗೆದುಕೊಳ್ಳೋಣ. ಸಕ್ಕರೆ ಕಾಯಿಲೆಯವರು 'ಮೂರು ತಿಂಗಳ ಶುಗರ್' ಎಂದು ಕರೆಯುವ ಎಚ್‌ಬಿ ಎ೧ಸಿ ಪರೀಕ್ಷೆಯದು. ರಕ್ತದ ಕೆಂಪು ಕಣಗಳಲ್ಲಿ ಹೀಮೋಗ್ಲೋಬಿನ್ ಎಂಬ ವಸ್ತುವಿದೆಯಷ್ಟೆ. ರಕ್ತದಲ್ಲಿ ಹರಿಯುವ ಸಕ್ಕರೆಯು ಅದಕ್ಕೆ ಮೆಲ್ಲಮೆಲ್ಲನೆ ಅಂಟಿಕೊಳ್ಳುತ್ತದೆ. ಅಂಟಿದುದು ಆ ಕಣವು ಸಾಯುವವರೆಗೆ ಬಿಡದು. ಕೆಂಪು ಕಣದ ಆಯುಸ್ಸು ಸುಮಾರು ೧೨೦ ದಿನಗಳು. ಆದುದರಿಂದ ನೂರು ಪಾಲು ಹೀಮೋಗ್ಲೋಬಿನ್ನಿನಲ್ಲಿ ಎಷ್ಟು ಪಾಲಿಗೆ ಸಕ್ಕರೆ ಅಂಟಿದೆಯೆಂದು ಅಳೆದರೆ ಹಿಂದಿನ ಎರಡು ಮೂರು ತಿಂಗಳ ಸರಾಸರಿ ತಿಳಿದುಬರುವುದು. ಪರೀಕ್ಷೆಯ ಹಿಂದಿನ ಎರಡು ದಿನ ಮಾತ್ರ ಹೋಳಿಗೆಯನ್ನು ಬಿಟ್ಟು ಉಪವಾಸವಿದ್ದು ವೈದ್ಯರನ್ನು ವಂಚಿಸುವ ಹಿರಿಯರ ಆಟವು ಇದರ ಮುಂದೆ ನಡೆಯದು. ಚಿಕಿತ್ಸೆ ಸರಿಯಾಗಿ ಸಾಗುತ್ತಿದೆಯೆ ಎಂದು ನೋಡುವುದಕ್ಕೆ ಇದು ಮೊದಲು ಬಳಕೆಗೆ ಬಂದಿತು. ರೋಗವನ್ನು ನಿರ್ಣಯಿಸುವುದಕ್ಕೂ ಇದನ್ನು ಬಳಸಬಹುದೆಂದು ವಿಶ್ವ ಆರೋಗ್ಯ ಸಂಸ್ಥೆಯು ಒಪ್ಪಿದುದು ೨೦೧೧ರಲ್ಲಿ, ನೂರಕ್ಕೆ ೬.೫ ಅಥವಾ ಅದಕ್ಕೆ ಮೇಲ್ಪಟ್ಟರೆ ಮಧುಮೇಹವೆಂದು ಗೊತ್ತುಮಾಡಲಾಯಿತು.

ಇದರಲ್ಲಿ ಗೃಹಿಣಿಯರು ತಿಳಿಯಬೇಕಾದ ಒಂದು ಸೂಕ್ಷ್ಮವಿದೆ. ಈ ಲೆಕ್ಕವೆಲ್ಲ ಕೆಂಪು ಕಣಗಳು ಕ್ರಮವಾಗಿ ಹುಟ್ಟಿ, ಕ್ರಮವಾಗಿ ಸಾಯುತ್ತಿದ್ದರೆ ಮಾತ್ರ ಸರಿ. ಕಬ್ಬಿಣದ ಕೊರತೆಯಿಂದ ರಕ್ತಹೀನತೆಯುಳ್ಳವರಲ್ಲಿ ಸಕ್ಕರೆ ಏರದಿದ್ದರೂ ಈ ಅಂಕೆಯು ಕೊಂಚ ಮೇಲೆಯೇ ನಿಲ್ಲಬಹುದು. ಇದಕ್ಕೆ ವಿರುದ್ಧವಾಗಿ, ರಕ್ತಸ್ರಾವವಾಗಿದ್ದರೆ, ಅಥವಾ ಕೆಂಪು ಕಣಗಳು ಅಕಾಲದಲ್ಲಿ ಒಡೆಯುವ ಕಾಯಿಲೆಯಿದ್ದರೆ, ಮೈಯಲ್ಲಿ ಎಳೆಯ ಕಣಗಳೇ ಹೆಚ್ಚಾಗಿ, ಅವಕ್ಕೆ ಸಕ್ಕರೆ ಅಂಟಲು ಕಾಲವೇ ಸಾಲದೆ, ಇದ್ದ ರೋಗವೂ ಮರೆಯಾಗಬಹುದು. ಗರ್ಭಿಣಿಯರಲ್ಲಿಯೂ ಅಂಕೆಯು ಇಳಿದು ತೋರುವುದುಂಟು. ಭಾರತದಲ್ಲಿ ೨೦೧೯-೨೧ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ೧೫ರಿಂದ ೪೯ ವಯಸ್ಸಿನ ನೂರು ಮಂದಿ ಸ್ತ್ರೀಯರಲ್ಲಿ ೫೭ ಮಂದಿಗೆ ರಕ್ತಹೀನತೆಯಿತ್ತು. ಹಾಗಿರುವಲ್ಲಿ, ಹೀಮೋಗ್ಲೋಬಿನ್ ೮ ಇರುವ ಹೆಣ್ಣುಮಗಳಿಗೆ ಎಚ್‌ಬಿ ಎ೧ಸಿ ೬.೬ ಬಂದಿತೆಂದು ಅಂದಿನಿಂದಲೇ ಅನ್ನ ಬಿಡಿಸಿ, ನೆರೆಹೊರೆಗೆಲ್ಲ ಮಧುಮೇಹಿಯೆಂದು ಸಾರುವುದು ಅನ್ಯಾಯವಲ್ಲವೆ? ಬೆಳಗಿನ ಬರಿಹೊಟ್ಟೆಯ ಸಕ್ಕರೆಯನ್ನೂ, ಗ್ಲೂಕೋಸ್ ಕುಡಿಸಿ ಎರಡು ಗಂಟೆಯ ಮೇಲಿನ ಸಕ್ಕರೆಯನ್ನೂ ನೋಡಿಸಿ ಎಂದು ವೈದ್ಯರನ್ನು ಕೇಳುವ ಹಕ್ಕು ಆಕೆಗಿದೆ.

ಸ್ತ್ರೀಯರ ಮಾತು ಬಂದುದರಿಂದ ಇನ್ನೊಂದನ್ನು ಹೇಳಬೇಕು. ಕೆಲವು ಪರೀಕ್ಷಾಲಯಗಳು ತಮ್ಮ 'ಸಂಪೂರ್ಣ ತಪಾಸಣೆ'ಯಲ್ಲಿ ಸಿ.ಎ. ೧೨೫ ಎಂಬುದನ್ನೂ ಸೇರಿಸಿ ಮಾರುತ್ತವೆ. ಅಂಡಾಶಯದ ಕ್ಯಾನ್ಸರು ಇದೆಯೆಂದು ಆಗಲೇ ತಿಳಿದು ಚಿಕಿತ್ಸೆ ಪಡೆಯುತ್ತಿರುವವರಲ್ಲಿ, ರೋಗವು ಔಷಧಕ್ಕೆ ಬಗ್ಗುತ್ತಿದೆಯೆ ಎಂದು ನೋಡಲು ಈ ಕುರುಹು ಬಹಳ ಉಪಯುಕ್ತವಾದುದು. ಆದರೆ ಆರೋಗ್ಯವಂತರಲ್ಲಿ ರೋಗವನ್ನು ಹುಡುಕಿ ತೆಗೆಯುವ ಕೆಲಸಕ್ಕೆ ಇದು ಒದಗದು. ತಿಂಗಳ ಮುಟ್ಟಿನಲ್ಲಿ, ಬಸಿರಿನ ಮೊದಲ ದಿನಗಳಲ್ಲಿ, ಗರ್ಭಕೋಶದ ನಿರಪಾಯವಾದ ಗಡ್ಡೆಗಳಲ್ಲಿ, ಯಕೃತ್ತಿನ ಕಾಯಿಲೆಯಲ್ಲಿ ಕೂಡ ಇದು ಏರುತ್ತದೆ. ನಿಜವಾದ ಕ್ಯಾನ್ಸರಿನ ಮೊದಲ ಹಂತದಲ್ಲಿಯೋ ಅನೇಕರಲ್ಲಿ ಏರುವುದೇ ಇಲ್ಲ. ಬ್ರಿಟನ್ನಿನಲ್ಲಿ ಮುಟ್ಟು ನಿಂತ ಎರಡು ಲಕ್ಷಕ್ಕೂ ಮೀರಿದ ಸ್ತ್ರೀಯರನ್ನು ಸೇರಿಸಿಕೊಂಡು ಇದನ್ನು ಪರೀಕ್ಷಿಸಿದರು. ಕೆಲವರಿಗೆ ವರ್ಷವರ್ಷವೂ ಈ ರಕ್ತಪರೀಕ್ಷೆ, ಕೆಲವರಿಗೆ ಸ್ಕ್ಯಾನಿಂಗ್, ಉಳಿದವರಿಗೆ ಏನೂ ಇಲ್ಲ. ೨೦೨೧ರಲ್ಲಿ ಹೊರಬಂದ ಫಲಿತಾಂಶದಂತೆ, ಪರೀಕ್ಷೆ ಮಾಡಿಸಿಕೊಂಡವರಲ್ಲಿ ಆ ರೋಗದಿಂದ ಸತ್ತವರ ಪ್ರಮಾಣವು ಕಡಮೆಯಾಗಲಿಲ್ಲ. ಹೀಗಿದ್ದೂ ಇದನ್ನು ಎಲ್ಲರಿಗೂ ಮಾರುವವರ ಧೈರ್ಯವನ್ನು ಮೆಚ್ಚತಕ್ಕದ್ದೇ!

ಇಷ್ಟರಿಂದ ಕುರುಹುಗಳೆಲ್ಲ ಮೋಸವೆಂದು ಯಾರೂ ತಿಳಿಯಬಾರದು. ೧೯೮೭ರಲ್ಲಿ ಲಾಸ್ ಏಂಜಲೀಸಿನ ಡೆನಿಸ್ ಸ್ಲಾಮನ್ ಮತ್ತು ಅವರ ಸಂಗಡಿಗರು, ಸ್ತನದ ಕ್ಯಾನ್ಸರಿನ ಗಡ್ಡೆಯಲ್ಲಿ ಹರ್-೨ ಎಂಬ ಜೀನಿನ ಪ್ರತಿಗಳು ಮಿತಿಮೀರಿದ್ದರೆ ರೋಗವು ಬೇಗನೆ ಮರುಕಳಿಸುವುದೆಂದು ತೋರಿಸಿದರು. ಆಗ ಅದೊಂದು ಅಪಶಕುನವಾಗಿತ್ತು. ಆದರೆ ಆ ಜೀನು ಮಾಡಿಸುವ ವಸ್ತುವನ್ನೇ ಹಿಡಿದು ಕಟ್ಟಿಹಾಕುವ ಟ್ರಾಸ್ಟುಜುಮಾಬ್ ಎಂಬ ಔಷಧವು ಸಿದ್ಧವಾಗಿ, ೧೯೯೮ರಲ್ಲಿ ಅಮೆರಿಕೆಯಲ್ಲಿ ಅನುಮತಿ ಪಡೆದ ಮೇಲೆ, ಅದೇ ಕುರುಹು 'ಈಕೆಗೆ ಈ ಔಷಧ ನಾಟುವುದು' ಎಂಬ ಶುಭವಾರ್ತೆಯನ್ನು ಹೇಳತೊಡಗಿತು. ನೂರು ಸ್ತನ ಕ್ಯಾನ್ಸರುಗಳಲ್ಲಿ ಸುಮಾರು ೧೫ರಿಂದ ೨೦ರಲ್ಲಿ ಈ ಕುರುಹು ಕಾಣುವುದು. ಅದಿಲ್ಲದವರಿಗೆ ಈ ಔಷಧವನ್ನು ಕೊಟ್ಟರೆ ಹಣವು ಹೋಗುವುದಲ್ಲದೆ ಹೃದಯಕ್ಕೂ ಅಪಾಯ ತಟ್ಟಬಹುದು. ಆದಕಾರಣ ಮನೆಯಲ್ಲಿ ಯಾರಿಗಾದರೂ ಸ್ತನದ ಗಡ್ಡೆಯ ತುಣುಕನ್ನು ತೆಗೆದು ಪರೀಕ್ಷೆಗೆ ಕಳುಹಿಸಿದರೆ, ಹರ್-೨ ನೋಡಿದರೋ ಎಂದು ಕೇಳಲು ಸಂಕೋಚಪಡಬೇಕಾದುದಿಲ್ಲ.

ಕುರುಹನ್ನು ಸರಿಪಡಿಸಿದರೆ ರೋಗಿಯನ್ನು ಸರಿಪಡಿಸಿದಂತೆಯೇ ಎಂಬ ಭ್ರಮೆಯು ವಿದ್ಯಾವಂತ ವೈದ್ಯರನ್ನೂ ಬಿಟ್ಟಿಲ್ಲ. ಹೃದಯಾಘಾತವಾದವರಲ್ಲಿ ನಡುನಡುವೆ ಹೆಚ್ಚಿನ ಬಡಿತಗಳು ಬೀಳುತ್ತವೆ. ಅಂಥವರಲ್ಲಿ ಮರಣವೂ ಹೆಚ್ಚು. ಬಡಿತಗಳನ್ನು ಅಡಗಿಸಿದರೆ ಮರಣವೂ ತಪ್ಪುವುದೆಂದು ಎನ್‌ಕೈನೈಡ್, ಫ್ಲೆಕೈನೈಡ್ ಎಂಬ ಔಷಧಗಳನ್ನು ಅಮೆರಿಕೆಯಲ್ಲಿ ಧಾರಾಳವಾಗಿ ಕೊಡುತ್ತಿದ್ದರು. ಬಡಿತಗಳೇನೋ ಅಡಗಿದವು, ಹೃದಯದ ರೇಖಾಚಿತ್ರವು ನೋಡಲು ಚೆನ್ನಾಯಿತು. ಕೊನೆಗೆ ಹೋಲಿಸಿ ನೋಡಿದಾಗ ೧೯೮೯ರಲ್ಲಿ ಆ ಪರೀಕ್ಷೆಯನ್ನೇ ನಡುವೆ ನಿಲ್ಲಿಸಬೇಕಾಯಿತು. ೧೯೯೧ರಲ್ಲಿ ಪ್ರಕಟವಾದ ಲೆಕ್ಕದಂತೆ, ಔಷಧ ತೆಗೆದುಕೊಂಡ ೭೫೫ ಮಂದಿಯಲ್ಲಿ ೬೩ ಮಂದಿಯೂ, ಬರಿಯ ಹುಸಿಮಾತ್ರೆ ನುಂಗಿದ ೭೪೩ ಮಂದಿಯಲ್ಲಿ ೨೬ ಮಂದಿಯೂ ತೀರಿಕೊಂಡಿದ್ದರು. ಇದನ್ನೋದಿ ತಮ್ಮ ರಕ್ತದೊತ್ತಡದ ಮಾತ್ರೆಯನ್ನೋ ಕೊಲೆಸ್ಟರಾಲಿನ ಮಾತ್ರೆಯನ್ನೋ ಯಾರೂ ನಿಲ್ಲಿಸಬಾರದು. ಅವನ್ನು ತಗ್ಗಿಸುವುದರಿಂದ ಹೃದಯಾಘಾತವೂ ಪಾರ್ಶ್ವವಾಯುವೂ ಕಡಮೆಯಾಗುವುದು ಸಾವಿರಾರು ರೋಗಿಗಳಲ್ಲಿ ಸಿದ್ಧವಾಗಿದೆ. ಅಲ್ಲಿ ಅಂಕೆಯ ಇಳಿತದೊಡನೆ ಆಯುಸ್ಸಿನ ಲೆಕ್ಕವನ್ನೂ ನೋಡಿದ್ದಾರೆ.

ಇನ್ನು ಸಣ್ಣದೊಂದು ಎಚ್ಚರಿಕೆ ಉಳಿದಿದೆ. ಕೂದಲುದುರುವುದಕ್ಕೆಂದು ನಮ್ಮ ಹೆಣ್ಣುಮಕ್ಕಳು ಅಂಗಡಿಯಿಂದ ತಾವೇ ತಂದು ನುಂಗುವ ಮಾತ್ರೆಗಳಲ್ಲಿ ಬಯೋಟಿನ್ ಎಂಬ ಜೀವಸತ್ವವು ಹೇರಳವಾಗಿರುವುದು. ಅದು ಕೆಲವು ಬಗೆಯ ರಕ್ತಪರೀಕ್ಷೆಗಳ ರಾಸಾಯನಿಕ ಕ್ರಿಯೆಯಲ್ಲಿಯೇ ಅಡ್ಡಬರುತ್ತದೆ. ಥೈರಾಯ್ಡು ಸರಿಯಾಗಿದ್ದವರಿಗೂ ಅದು ಅತಿಯಾಗಿ ಕೆರಳಿರುವಂತೆ ಅಂಕೆ ಬರಬಹುದು. ಅದಕ್ಕಿಂತಲೂ ಕೆಟ್ಟುದೆಂದರೆ, ಹೃದಯದ ಸ್ನಾಯು ಕೆಟ್ಟಾಗ ರಕ್ತದಲ್ಲಿ ಏರುವ ಟ್ರೊಪೊನಿನ್ ಎಂಬ ಕುರುಹು ಏರಿಲ್ಲವೆಂದೇ ಯಂತ್ರವು ಹೇಳಬಹುದು. ಹೀಗೆ ತಪ್ಪು ಫಲಿತಾಂಶ ಬಂದ ರೋಗಿಯೊಬ್ಬರು ತೀರಿಕೊಂಡ ಸಂಗತಿಯನ್ನು ಅಮೆರಿಕೆಯ ಔಷಧ ಇಲಾಖೆಯು ೨೦೧೭ರಲ್ಲಿ ಪ್ರಕಟಿಸಿ ಎಚ್ಚರಿಸಿತು. ರಕ್ತ ತೆಗೆಯುವವನು ಬಂದಾಗ ಇಂಥ ಮಾತ್ರೆಯನ್ನು ಎಷ್ಟು ದಿನದಿಂದ ನುಂಗುತ್ತಿದ್ದೀರೆಂದು ಚೀಟಿಯ ಮೇಲೆ ಬರೆಯಿಸಿರಿ. ಎದೆನೋವೆಂದು ಆಸ್ಪತ್ರೆಗೆ ಹೋದಾಗಲಂತೂ ಅಲ್ಲಿನ ವೈದ್ಯರಿಗೆ ಮೊದಲೇ ತಿಳಿಸಿರಿ. ಸಕ್ಕರೆ ಕಾಯಿಲೆಯ ಪಥ್ಯದ ಅಡುಗೆಯನ್ನು ಕುರಿತು ಕೆಲವು ವಾಚಕಿಯರು ಕೇಳಿರುವ ಪ್ರಶ್ನೆಗಳನ್ನು ಮುಂದಿನ ಸಂಚಿಕೆಗೆ ಇಟ್ಟುಕೊಂಡಿದ್ದೇವೆ.